ಪರರ ನಾಮದಲ್ಲಿ ವಾಣಿಜ್ಯ: ಶ್ರಾವಕನ ವಿವೇಕ

ಶ್ರಾವಕನಿಗೆ ವಾಣಿಜ್ಯವು ನಿಷಿದ್ಧವಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಪ್ರಜೆಗಳಿಗೆ ಬೋಧಿಸಿದವರು ಆದಿತೀರ್ಥಂಕರರಾದ ವೃಷಭನಾಥರೆಂದು ಪುರಾಣಗಳು ಹೇಳುತ್ತವೆ. ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಿ, ಉದ್ಯೋಗೀ ಹಿಂಸೆಯನ್ನು ಸಾಧ್ಯವಾದಷ್ಟು ಕಡಿಮೆ ಮಾಡಿಕೊಂಡು ಬಾಳುವುದು ಗೃಹಸ್ಥನ ಧರ್ಮ. ಈ ಧರ್ಮಕ್ಕೆ ಇಂದು ಫ್ರಾಂಚೈಸಿ ಪದ್ಧತಿಯು ಹೊಸದೊಂದು ಪ್ರಶ್ನೆಯನ್ನು ಒಡ್ಡಿದೆ.

ಸ್ವಂತ ಅಂಗಡಿಯಲ್ಲಿ ಏನನ್ನು ಮಾರಬೇಕು, ಏನನ್ನು ಮಾರಬಾರದು ಎಂಬುದನ್ನು ವರ್ತಕನೇ ನಿರ್ಧರಿಸುತ್ತಾನೆ. ಫ್ರಾಂಚೈಸಿಯಲ್ಲಿ ಹಾಗಲ್ಲ. ಬಂಡವಾಳ, ಬಾಡಿಗೆ, ನಷ್ಟದ ಹೊಣೆ ಇವು ಮಳಿಗೆಯವನದು. ಹೆಸರು, ಸರಕು, ತಯಾರಿಕೆಯ ವಿಧಾನಗಳು ಕಂಪನಿಯವು. ರಾಯಲ್ಟಿಯನ್ನು ಸಾಮಾನ್ಯವಾಗಿ ಮಾರಾಟದ ಮೇಲೆ ಲೆಕ್ಕ ಹಾಕುವುದರಿಂದ, ಲಾಭವಿಲ್ಲದ ತಿಂಗಳಿನಲ್ಲಿಯೂ ಅದನ್ನು ತೆರಬೇಕಾಗುತ್ತದೆ. ಹೀಗೆ ಇಲ್ಲಿ ಕೊಳ್ಳುವವನು ಹೆಸರನ್ನು ಪಡೆಯುವುದರ ಜೊತೆಗೆ ಆಯ್ಕೆಯ ಸ್ವಾತಂತ್ರ್ಯವನ್ನು ಒಪ್ಪಿಸಿಯೂ ಬಿಡುತ್ತಾನೆ.

‘ಪಟ್ಟಿ ಕಂಪನಿಯದು, ಕೈ ನೌಕರನದು, ನನ್ನದು ಹಣ ಮಾತ್ರ’ ಎಂಬ ಸಮಾಧಾನವು ಜೈನ ದೃಷ್ಟಿಗೆ ಒಪ್ಪುವುದಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜೀವಾಧಿಕರಣವನ್ನು 108 ಬಗೆಯಾಗಿ ವಿಂಗಡಿಸುವಾಗ, ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಅನುಮೋದಿಸಿದ್ದು ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ‘ನಾನು ಕೊಳ್ಳದಿದ್ದರೆ ಇನ್ನೊಬ್ಬನು ಕೊಳ್ಳುತ್ತಾನೆ’ ಎಂಬ ವಾದವೂ ನಿಲ್ಲದು. ಇನ್ನೊಬ್ಬನು ಕಟ್ಟಿಕೊಳ್ಳಬಹುದಾದ ಕರ್ಮವು ತನ್ನ ಕರ್ಮವನ್ನು ಹಗುರಗೊಳಿಸುವುದಿಲ್ಲ.

1995ರಲ್ಲಿ ಬೆಂಗಳೂರಿನಲ್ಲಿ ಕೆ.ಎಫ್.ಸಿ.ಯ ಮಳಿಗೆ ತೆರೆಯಿತು. ಅದರ ಪ್ರಸಿದ್ಧಿಯೇ ಕೋಳಿಮಾಂಸದಿಂದ ಬಂದುದಾದ್ದರಿಂದ ಅಲ್ಲಿ ಶ್ರಾವಕನಿಗೆ ಸಂದೇಹಕ್ಕೆ ಎಡೆಯಿಲ್ಲ. 1996ರಲ್ಲಿ ಭಾರತಕ್ಕೆ ಬಂದ ಮ್ಯಾಕ್‌ಡೊನಾಲ್ಡ್ಸ್ ಸಂಸ್ಥೆಯು ದನ ಮತ್ತು ಹಂದಿಯ ಮಾಂಸವನ್ನು ಕೈಬಿಟ್ಟಿತಾದರೂ ಕೋಳಿಮಾಂಸವನ್ನು ಉಳಿಸಿಕೊಂಡಿತು. ಪಿಜ್ಜಾ ಹಟ್ ಅಹಮದಾಬಾದಿನಲ್ಲಿ ಪೂರ್ಣ ಸಸ್ಯಾಹಾರಿ ಮಳಿಗೆಯನ್ನೇ ತೆರೆದು, ಈರುಳ್ಳಿ ಬೆಳ್ಳುಳ್ಳಿಗಳಿಲ್ಲದ ಜೈನ ತಿನಿಸನ್ನೂ ಬಡಿಸಿತು. ಬೃಹತ್ ಸಂಸ್ಥೆಗಳೂ ಗ್ರಾಹಕನ ಆಚಾರಕ್ಕೆ ಮಣಿಯುತ್ತವೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಹಾಗೆ ಮಣಿಯುವುದೂ ಮಣಿಯದಿರುವುದೂ ಸಂಸ್ಥೆಯ ಇಚ್ಛೆ. ಇಂದಿನ ಪಟ್ಟಿಯನ್ನು ನಂಬಿ ಸಹಿ ಮಾಡಿದವನಿಗೆ ನಾಳಿನ ಪಟ್ಟಿಯನ್ನು ನಿರಾಕರಿಸುವ ಹಕ್ಕು ಇರಬೇಕಾದರೆ, ಅದು ಕರಾರಿನಲ್ಲಿ ಬರೆದಿರಬೇಕು.

ಆದುದರಿಂದ ವಿವೇಕಕ್ಕೆ ಕಾಲವು ಸಹಿಗೆ ಮೊದಲೇ. ಅಮೆರಿಕದಲ್ಲಿ 1979ರಿಂದ ಜಾರಿಯಲ್ಲಿರುವ ನಿಯಮದಂತೆ ಕಂಪನಿಯು ತನ್ನ ವ್ಯವಹಾರದ ವಿವರಗಳನ್ನು ಕೊಳ್ಳುವವನಿಗೆ ಮುಂಚಿತವಾಗಿ ಕೊಡಬೇಕು. ಈಗ ಅದಕ್ಕೆ ಕನಿಷ್ಠ 14 ದಿನಗಳ ಅವಧಿಯಿದೆ. ಮಳಿಗೆ ಬಿಟ್ಟುಹೋದವರ ವಿವರವೂ ಅದರಲ್ಲಿರುತ್ತದೆ. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯಿದೆಯಿಲ್ಲ. 1872ರ ಕರಾರು ಕಾಯಿದೆಯೇ ಮುಖ್ಯ ಆಧಾರ. ಹೀಗಾಗಿ ವಿಚಾರಣೆಯ ಭಾರವು ಕೊಳ್ಳುವವನ ಮೇಲೆಯೇ ಬೀಳುತ್ತದೆ. ಮಳಿಗೆಯನ್ನು ಬಿಟ್ಟವರು ಏಕೆ ಬಿಟ್ಟರು? ಕರಾರನ್ನು ಮುರಿದರೆ ದಂಡವೇನು? ಮನೆಯನ್ನು ಒತ್ತೆಯಿಟ್ಟು ಸಾಲ ಮಾಡುವುದು ತಾನು ಕೈಗೊಂಡ ಪರಿಗ್ರಹ ಪರಿಮಾಣಕ್ಕೆ ಹೊಂದುವುದೆ? ಸಾಲದ ಕಂತಿಗೆ ಸಿಕ್ಕಿದವನು ನಿಷಿದ್ಧ ಸರಕಿಗೆ ‘ಬೇಡ’ ಎನ್ನಬಲ್ಲನೆ? ಇನ್ನು ಲಾಭಕ್ಕಾಗಿ ಪ್ರಸಿದ್ಧ ಹೆಸರಿನ ಕೆಳಗೆ ಕೀಳು ಸರಕನ್ನು ಮಾರಿದರೆ, ಅದು ಅಚೌರ್ಯಾಣುವ್ರತದ ಅತಿಚಾರಗಳಲ್ಲೊಂದಾದ ಪ್ರತಿರೂಪಕ ವ್ಯವಹಾರವೇ ಆಗುತ್ತದೆ.

ಔಷಧ, ಪುಸ್ತಕ, ವಸ್ತ್ರ, ಶಿಕ್ಷಣ, ಸಸ್ಯಾಹಾರ ಮೊದಲಾದ ಕ್ಷೇತ್ರಗಳಲ್ಲಿಯೂ ಫ್ರಾಂಚೈಸಿಗಳುಂಟು. ಅಲ್ಲಿಯೂ ಪರೀಕ್ಷೆ ಬೇಕು; ಆದರೆ ಅಲ್ಲಿ ವ್ರತವೂ ವೃತ್ತಿಯೂ ದಿನವೂ ಕಾದಾಡಬೇಕಾಗಿಲ್ಲ. ಬಸದಿಯ ಕಟ್ಟಡವನ್ನು ಬಾಡಿಗೆಗೆ ಕೊಡುವ ಟ್ರಸ್ಟುಗಳಿಗೂ ಈ ವಿಚಾರ ಅನ್ವಯಿಸುತ್ತದೆ. ಮೂಲೆಯ ಮಳಿಗೆಗೆ ಹೆಚ್ಚು ಬಾಡಿಗೆ ಬರುವುದೆಂದು ಕಣ್ಣು ಮುಚ್ಚಿದರೆ, ಆ ಹಣದಿಂದ ನಡೆಯುವ ಅಭಿಷೇಕಕ್ಕೂ ಅನುಮೋದನೆಯ ಲೇಪ ತಗಲೀತು.

ಕೆಲವು ಕುಟುಂಬಗಳು ಒಳ್ಳೆಯ ಲಾಭವನ್ನು ಬಿಟ್ಟುಕೊಡಬೇಕಾದೀತು. ಆ ನಷ್ಟವನ್ನು ಅಲ್ಪವೆಂದು ಹೇಳುವುದು ಸರಿಯಲ್ಲ. ಆದರೆ ಸಹಿಗೆ ಮೊದಲು ‘ಬೇಡ’ ಎಂದವನು ಕಳೆದುಕೊಳ್ಳುವುದು ಲಾಭವನ್ನು ಮಾತ್ರ. ಸಹಿಯಾದ ಮೇಲೆ ‘ಬೇಡ’ ಎನ್ನಲಾರದವನು ಕಳೆದುಕೊಳ್ಳುವುದು ವ್ರತವನ್ನು.