ದೃಷ್ಟಿಯಂತೆ ಸೃಷ್ಟಿ: ಕ್ರೈಸ್ತ ಚರಿತ್ರೆಯನ್ನು ನೋಡಿದ ಕಣ್ಣುಗಳು

‘ದೃಷ್ಟಿಯಂತೆ ಸೃಷ್ಟಿ’ ಎಂಬ ಮಾತನ್ನು ಅದ್ವೈತದ ಒಂದು ಪಂಥ ವಾದವಾಗಿಯೇ ಬೆಳೆಸಿತು; ನೋಟವನ್ನು ಬಿಟ್ಟು ಬೇರೆ ಜಗತ್ತೇ ಇಲ್ಲವೆಂದಿತು. ಜನರ ಬಾಯಲ್ಲಿ ಅದು ಅಷ್ಟು ದೂರ ಹೋಗುವುದಿಲ್ಲ. ಅವರವರ ಮನಸ್ಸು ಹೇಗೋ ಲೋಕ ಅವರವರಿಗೆ ಹಾಗೆ ಕಾಣುತ್ತದೆ ಎಂಬಷ್ಟೇ ಅದರ ತಾತ್ಪರ್ಯ. ಹೆಚ್ಚಾಗಿ ಇದನ್ನು ಹೇಳುವುದು ಇನ್ನೊಬ್ಬರನ್ನು ಚುಚ್ಚಲು. ಹೇಳುವವನ ಕಣ್ಣಿಗೂ ಮಾತು ತಗಲುತ್ತದೆ ಎಂಬುದು ಮರೆತುಹೋಗುತ್ತದೆ. ಚರಿತ್ರೆಯಲ್ಲಿ ನಡೆದ ಒಂದು ಜನನ, ಒಂದು ಮರಣದ ಮೇಲೆ ನಿಂತಿರುವ ಕ್ರೈಸ್ತ ನಂಬಿಕೆಯಲ್ಲಿ ಈ ಗಾದೆಯ ಬಲವೂ ಕಾಣುತ್ತದೆ, ಮಿತಿಯೂ ಕಾಣುತ್ತದೆ.

ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳೇ ನಾಲ್ಕು. ಮಾರ್ಕನದು ದೀಕ್ಷಾಸ್ನಾನದಿಂದ ಶುರು. ಬಾಲ್ಯದ ಸುದ್ದಿಯೇ ಅಲ್ಲಿಲ್ಲ. ಮತ್ತಾಯ ವಂಶಾವಳಿಯನ್ನು ಅಬ್ರಹಾಮನಿಂದ ಹಿಡಿಯುತ್ತಾನೆ, ಯೆಹೂದ್ಯ ಓದುಗನಿಗೆ ಬೇಕಾದದ್ದು ಅದು. ಲೂಕ ಅದನ್ನು ಆದಾಮನವರೆಗೆ ಒಯ್ಯುತ್ತಾನೆ. ಯೋಹಾನನ ಆರಂಭವಂತೂ ಸೃಷ್ಟಿಗಿಂತಲೂ ಹಿಂದಿನದು. ಎರಡನೆಯ ಶತಮಾನದಲ್ಲಿ ತಾತಿಯಾನ ಎಂಬವನು ನಾಲ್ಕನ್ನೂ ಹೆಣೆದು ಒಂದೇ ಕಥನ ಮಾಡಿದ. ಸಿರಿಯಾಕ್ ಸಭೆಗಳಲ್ಲಿ ಅದರ ಪಾರಾಯಣ ಬಹುಕಾಲ ನಡೆಯಿತು. ಐದನೆಯ ಶತಮಾನದ ಹೊತ್ತಿಗೆ ಅಲ್ಲಿಯೂ ಅದನ್ನು ಕೈಬಿಟ್ಟು ನಾಲ್ಕನ್ನು ಬೇರೆಬೇರೆಯಾಗಿಯೇ ಉಳಿಸಿಕೊಂಡರು.

ನೋಟಗಳ ಘರ್ಷಣೆ ಎದ್ದು ಕಾಣುವುದು ಕೇರಳದಲ್ಲಿ. ಅಲ್ಲಿನ ತೋಮಾ ಕ್ರೈಸ್ತರು ಕ್ರಿ.ಶ. 52ರಲ್ಲಿ ಬಂದನೆಂದು ನಂಬಲಾದ ಅಪೊಸ್ತಲ ತೋಮನನ್ನು ತಮ್ಮ ಮೂಲಪುರುಷನೆನ್ನುತ್ತಾರೆ. ಅವರ ಪೂಜೆ ಸಿರಿಯಾಕ್ ಭಾಷೆಯಲ್ಲಿ ನಡೆಯುತ್ತಿತ್ತು, ಬಿಷಪ್ಪರು ಮೆಸಪೊಟೇಮಿಯದಿಂದ ಬರುತ್ತಿದ್ದರು, ದಿನನಿತ್ಯದ ಆಚಾರಗಳಲ್ಲಿ ನೆರೆಯ ಹಿಂದೂಗಳ ಬಳಕೆ ಬೇಕಾದಷ್ಟಿತ್ತು. 1599ರ ಜೂನ್ ತಿಂಗಳಲ್ಲಿ ಗೋವಾದ ಪೋರ್ಚುಗೀಸ್ ಆರ್ಚ್‌ಬಿಷಪ್ ಅಲೆಶೊ ದ ಮೆನೆಜಿಸ್ ಉದಯಂಪೇರೂರಿನಲ್ಲಿ ಧರ್ಮಸಭೆ ಕರೆದು ಇವರನ್ನು ತಿದ್ದಲು ಹೊರಟ. ಆ ಸಭೆ ತಪ್ಪೆಂದು ಸಾರಿದ ನಂಬಿಕೆಗಳಲ್ಲಿ ಎರಡು ಮುಖ್ಯ: ತೋಮನ ಮಾರ್ಗ ಬೇರೆ, ಪೇತ್ರನ (ಅಂದರೆ ರೋಮಿನ) ಮಾರ್ಗ ಬೇರೆ ಎಂಬುದು ಒಂದು, ಅವರವರ ಧರ್ಮದಲ್ಲೇ ಅವರವರಿಗೆ ಮುಕ್ತಿ ಎಂಬುದು ಇನ್ನೊಂದು. ಹತ್ತು ಜಾತಿ, ಹತ್ತು ಆಚಾರಗಳ ನಡುವೆ ಬೆಳೆದ ಮಲಬಾರಿನವನಿಗೆ ಎರಡೂ ಲೋಕರೂಢಿಯ ಮಾತು. ಪ್ರೊಟೆಸ್ಟೆಂಟರೊಡನೆ ಕಾದಾಡುತ್ತ ಟ್ರೆಂಟ್ ಮಹಾಸಭೆಯಲ್ಲಿ (1545–63) ತನ್ನ ಸಿದ್ಧಾಂತವನ್ನು ಬಿಗಿಗೊಳಿಸಿಕೊಂಡ ಸಭೆಯಿಂದ ಬಂದವನಿಗೆ ಎರಡೂ ಪಾಷಂಡ. ಪಾಷಂಡದ ಗುಮಾನಿಯಿದ್ದ ಸಿರಿಯಾಕ್ ಗ್ರಂಥಗಳು ಬೆಂಕಿಗೆ ಹೋದವು. ಪರಿಣಾಮವಾಗಿ, ಈ ಸಮುದಾಯದ ಹಿಂದಿನ ಕಾಲವನ್ನು ಬರೆಯುವವರು ಬಹುಮಟ್ಟಿಗೆ ಸುಟ್ಟವರ ದಾಖಲೆಗಳನ್ನೇ ನೆಚ್ಚಬೇಕಾಗಿದೆ. ನೋಟವೊಂದು ಚರಿತ್ರೆಯನ್ನು ಅರ್ಥೈಸುವುದರ ಜೊತೆಗೆ ಅದಕ್ಕೆ ಬೇಕಾದ ಸಾಕ್ಷ್ಯವನ್ನೂ ಆಯ್ದು ಉಳಿಸಿಬಿಡುತ್ತದೆ. ಒಳಗೊಳಗೇ ಬೆಂದ ಸಮುದಾಯ 1653ರಲ್ಲಿ ಮಟ್ಟಾಂಚೇರಿಯ ಶಿಲುಬೆಯ ಮುಂದೆ ಆಣೆಯಿಟ್ಟು ತನ್ನ ಮೇಲೆ ಹೇರಲಾಗಿದ್ದ ಜೆಸುಯಿಟ್ ಪಾದ್ರಿಗಳ ಆಳ್ವಿಕೆಯನ್ನು ಧಿಕ್ಕರಿಸಿತು. ಆ ಆಣೆ ಪೋಪನ ವಿರುದ್ಧವೂ ಆಗಿತ್ತೇ ಎಂಬುದರ ಬಗ್ಗೆ ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಚರಿತ್ರಕಾರರಲ್ಲಿ ಇಂದಿಗೂ ಒಮ್ಮತವಿಲ್ಲ.

ಕರ್ನಾಟಕದಲ್ಲಿ ಕಥೆ ಇಷ್ಟು ಕಟುವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಧರ್ಮವೆಂದರೆ ಒಬ್ಬೊಬ್ಬನ ಅಂತರಂಗದ ತಿರುವು. ಕುಲ, ಮನೆತನ, ಹಬ್ಬಗಳೊಳಗೆ ಬದುಕುವ ಧರ್ಮ ಅವರ ಕಣ್ಣಿಗೆ ಅಡ್ಡಗೋಡೆಯಾಗಿ ಕಂಡಿತು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಕನ್ನಡ ಛಂದಸ್ಸನ್ನು ಕಲಿತು 1862ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಪದ್ಯದಲ್ಲಿ ಹೇಳಿದ, 1894ರ ಅವನ ನಿಘಂಟಿನ ತುಂಬ ಗಾದೆಗಳಿವೆ. ಜನರ ಮಾತನ್ನು ಅಷ್ಟು ಆಳವಾಗಿ ಕೇಳಿಸಿಕೊಂಡವನ ಕಿವಿ ಮೊದಲಿನಂತೆಯೇ ಉಳಿದಿರಲಾರದು. ಎದುರು ದಿಕ್ಕಿನಿಂದ ನೋಡಿದವರು ಮಂಜೇಶ್ವರದ ಗೋವಿಂದ ಪೈ. ಕ್ರಿಸ್ತನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’, ಬುದ್ಧನ ಕೊನೆಯ ದಿನದ ಮೇಲೆ ‘ವೈಶಾಖಿ’ ಬರೆದವರು ಅವರೇ. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ನೋಡುವ ಈ ಕಣ್ಣು ಉದಯಂಪೇರೂರಿನ ಸಭೆಗೆ ಖಂಡಿತ ಒಪ್ಪಿಗೆಯಾಗುತ್ತಿರಲಿಲ್ಲ.

ಕಾಲದ ಕಲ್ಪನೆಯ ವಿಷಯದಲ್ಲಿ ಪಠ್ಯಪುಸ್ತಕಗಳು ಒಂದು ಸುಲಭದ ಗೆರೆ ಎಳೆಯುತ್ತವೆ: ಕ್ರೈಸ್ತರ ಕಾಲ ನೇರ, ಭಾರತೀಯರದು ಚಕ್ರ. ಕನ್ನಡದ ಶಾಸನಗಳು ಇದಕ್ಕೆ ಒಪ್ಪುವುದಿಲ್ಲ. ಶಾಸನದ ಒಂದೇ ಸಾಲಿನಲ್ಲಿ ಎಂದೂ ಮರಳದ ಶಕವರ್ಷವೂ ಅರವತ್ತು ವರ್ಷಕ್ಕೊಮ್ಮೆ ಮರಳುವ ಸಂವತ್ಸರದ ಹೆಸರೂ ಒಟ್ಟಿಗಿರುತ್ತವೆ. ಇತ್ತ ಸೃಷ್ಟಿಯಿಂದ ಅಂತಿಮ ತೀರ್ಪಿನತ್ತ ಸಾಗುವ ಚರ್ಚಿನ ಕಾಲವೂ ಪ್ರತಿವರ್ಷ ಕ್ರಿಸ್ಮಸ್, ಈಸ್ಟರ್‌ಗಳ ಸುತ್ತು ಹಾಕುತ್ತದೆ.

ಗಾದೆಯ ಮಿತಿ ಕಾಣುವುದು ಕ್ರಿಸ್ತಶಕದ ಲೆಕ್ಕದಲ್ಲಿ. 525ರ ಹೊತ್ತಿಗೆ ರೋಮಿನಲ್ಲಿದ್ದ ಸನ್ಯಾಸಿ ಡಯೊನೀಸಿಯಸ್ ಎಕ್ಸಿಗುಸ್ ಈಸ್ಟರ್ ದಿನಗಳ ಪಟ್ಟಿ ಮಾಡುತ್ತಿದ್ದ. ಕ್ರೈಸ್ತರನ್ನು ಹಿಂಸಿಸಿದ ಚಕ್ರವರ್ತಿ ಡಯೊಕ್ಲೀಷಿಯನ್ನನ ಹೆಸರಿನ ಶಕ ಅವನಿಗೆ ಬೇಡವಾಯಿತು. ಕ್ರಿಸ್ತಜನನದಿಂದ ವರ್ಷಗಳನ್ನು ಎಣಿಸಿದ. ಎಲ್ಲಿಂದ ಎಣಿಸಬೇಕೆಂಬುದನ್ನು ಅವನ ನಂಬಿಕೆ ತೀರ್ಮಾನಿಸಿತು, ಆದರೆ ಎಣಿಕೆಯನ್ನು ಸರಿಮಾಡುವ ಶಕ್ತಿ ಅದಕ್ಕಿರಲಿಲ್ಲ. ಯೇಸು ಹುಟ್ಟಿದ್ದು ಹೆರೋದ ರಾಜನ ಕಾಲದಲ್ಲೆಂದು ಮತ್ತಾಯ ಹೇಳುತ್ತಾನೆ. ಹೆರೋದ ಸತ್ತದ್ದು ಕ್ರಿ.ಪೂ. 4ರ ಸುಮಾರಿಗೆ ಎಂದು ಹೆಚ್ಚಿನ ವಿದ್ವಾಂಸರ ಮತ. ಹಾಗಾದರೆ ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿ! ಈ ತಪ್ಪನ್ನು ಕಾಣಲು ಕ್ರೈಸ್ತನಾಗಬೇಕಿಲ್ಲ, ಕ್ರೈಸ್ತ ವಿದ್ವಾಂಸರೂ ಇದನ್ನು ಮುಚ್ಚಿಡಲಿಲ್ಲ. ಶಕವನ್ನು ಮಾತ್ರ ಯಾರೂ ತಿದ್ದಿಲ್ಲ. ಲೋಕದ ಪತ್ರವ್ಯವಹಾರವೆಲ್ಲ ಡಯೊನೀಸಿಯಸ್‌ನ ಎಣಿಕೆಯ ಮೇಲೆಯೇ ನಡೆದಿದೆ.