ತವರಿನ ಮೊದಲ ಪ್ರಶ್ನೆ

ಗಂಡನ ಹೊಡೆತ ತಾಳಲಾರದೆ ಮಗಳು ಸಂಜೆ ಬಸ್ಸಿಗೆ ತವರಿಗೆ ಬಂದಿಳಿದರೆ, ನಮ್ಮ ಮಂಡ್ಯದ ಕಡೆ ಮೊದಲು ಕೇಳುವ ಮಾತು: 'ಯೋಳ್ಬುಟ್ ಬಂದಿದ್ದೀಯೇನವ್ವಾ?' ನೀರಿನ ಚೊಂಬು ಹಿಡಿದ ತಾಯಿಯ ಕಣ್ಣು ಮಗಳ ತೋಳಿನ ಬಾಸುಂಡೆಯ ಮೇಲೇ ಇರುತ್ತದೆ. ಬಾಯಲ್ಲಿ ಬರುವುದು ಮಾತ್ರ ಈ ಪ್ರಶ್ನೆ. ರಾತ್ರಿ ಮುದ್ದೆ ಉಂಡಾದ ಮೇಲೆ ಇನ್ನೊಂದು ಮಾತು: 'ಎಲ್ಲಾರ್ ಮನೆ ದೋಸೆನೂ ತೂತೆ ಕಣವ್ವ, ಹೊಂದ್ಕಂಡ್ ಹೋಗು.' ನಾಲ್ಕು ದಿನ ಕಳೆಯುವುದರೊಳಗೆ ಅಣ್ಣನೋ ಚಿಕ್ಕಪ್ಪನೋ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬರುತ್ತಾರೆ. ಹೊಡೆದವನನ್ನು ಯಾರೂ ಏನೂ ಕೇಳುವುದಿಲ್ಲ.

ದೋಸೆಯ ಗಾದೆ ಲೆಕ್ಕದ ಮಟ್ಟಿಗೆ ಸುಳ್ಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಅದೇ ಸಮೀಕ್ಷೆ ದೇಶದ ಬಗ್ಗೆ ಹೇಳುವುದನ್ನು ನೋಡಿದರೆ, ಹಿಂಸೆಗೆ ಒಳಗಾದವರಲ್ಲಿ ನೂರಕ್ಕೆ 77 ಮಂದಿ ಅದನ್ನು ಯಾರ ಬಳಿಯೂ ಹೇಳಿಕೊಂಡಿಲ್ಲ. ಇಷ್ಟು ಮನೆಗಳಲ್ಲಿ ನಡೆಯುತ್ತಿದೆ ಎನ್ನುವುದೇ ಸಹಿಸಿಕೊಳ್ಳಲು ಕಾರಣವಾದರೆ, ಆ ಸಮಾಧಾನದ ಮಾತೂ ಹಿಂಸೆಗೆ ಜೊತೆ ನಿಂತಂತೆಯೇ.

ಹೊಂದಿಕೊಂಡು ಹೋಗುವುದೆಂದರೆ ನನಗೆ ನೆನಪಾಗುವುದು ಒಂದು ಗುಡಿ. ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಹೊಯ್ಸಳರ ಕಾಲದ, 13ನೇ ಶತಮಾನದ ಪಂಚಲಿಂಗೇಶ್ವರ ದೇವಸ್ಥಾನವಿದೆ. ಸಾಲಾಗಿ ಐದು ಗರ್ಭಗುಡಿ, ಒಂದೊಂದಕ್ಕೂ ಅದರದೇ ಶಿಖರ, ಅದರದೇ ಬಾಗಿಲು. ಮುಂದಿನ ಉದ್ದನೆಯ ಮಂಟಪ ಮಾತ್ರ ಐದಕ್ಕೂ ಸೇರಿದ್ದು. ಕೂಡಿ ಇರುವುದಕ್ಕೆ ಒಬ್ಬರು ಇನ್ನೊಬ್ಬರಲ್ಲಿ ಅಳಿದುಹೋಗಬೇಕಿಲ್ಲ ಎಂದು ಆ ಮಂಟಪದಲ್ಲಿ ನಿಂತಾಗ ನನಗೆ ಅನ್ನಿಸುತ್ತದೆ. 'ಮನೆ ಒಡೆಯಬೇಡ' ಎಂದು ನಾವು ಹೆಣ್ಣಿಗೆ ಹೇಳುತ್ತೇವೆ. ಆ ಮನೆ ಒಡೆದದ್ದು ಅವಳು ಹೊಸಿಲು ದಾಟಿದ ದಿನವಲ್ಲ, ಅವಳ ಮೇಲೆ ಮೊದಲು ಕೈಯೆತ್ತಿದ ದಿನ.

ಕಾನೂನು ನಮ್ಮ ಊರುಗಳಿಗಿಂತ ಮುಂದಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೆಂಡತಿಗಷ್ಟೇ ಅಲ್ಲ, ಒಂದೇ ಮನೆಯಲ್ಲಿ ಬಾಳುವ ಮಗಳು, ತಂಗಿ, ತಾಯಿ ಎಲ್ಲರಿಗೂ ಅನ್ವಯಿಸುತ್ತದೆ. ಬೈಗುಳ, ಹೀಯಾಳಿಕೆ, ದುಡಿದ ದುಡ್ಡನ್ನು ಕಿತ್ತುಕೊಳ್ಳುವುದು ಎಲ್ಲವೂ ಅದರ ಪ್ರಕಾರ ಹಿಂಸೆಯೇ. ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಅತ್ತೆ ಮಾವನ ಹೆಸರಿನ ಮನೆಗೂ ಈ ಹಕ್ಕು ಸಲ್ಲಬಹುದೆಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊಡೆದವನನ್ನೇ ಮನೆಯಿಂದ ಹೊರಗೆ ಕಳಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ; ದೂರು ಹೇಳಿಕೊಳ್ಳಲು 181 ಸಹಾಯವಾಣಿ ಇದೆ. ಆದರೂ ನಮ್ಮ ಕಲ್ಪನೆಯಲ್ಲಿ ಚೀಲ ಹಿಡಿದು ಹೊರಡುವವಳು ಯಾವಾಗಲೂ ಅವಳೇ.

ಹೊರಟವಳಿಗೆ ಮೊದಲು ಬೇಕಾಗುವುದು ಕಾಗದಪತ್ರ. ಅವಳ ಹೆಸರು ಗಂಡನ ಮನೆಯ ರೇಷನ್ ಕಾರ್ಡಿನಲ್ಲಿದೆ. ಅಲ್ಲಿ ಯಜಮಾನಿ ಅತ್ತೆಯಾದರೆ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅತ್ತೆಯದೇ. ಬೇರೆ ಕಾರ್ಡು ಆಗುವವರೆಗೆ ಸರ್ಕಾರದ ಲೆಕ್ಕದಲ್ಲೂ ಅವಳು ಬಿಟ್ಟುಬಂದ ಮನೆಯವಳೇ. 2023ರ ಜೂನಿನಲ್ಲಿ ಬಂದ ಹೆಂಗಸರ ಉಚಿತ ಬಸ್ಸಿನ ಬಗ್ಗೆ ಗೇಲಿ ಮಾಡುವವರಿದ್ದಾರೆ. ಯಾರ ಮುಂದೆಯೂ ಕೈಯೊಡ್ಡದೆ ಕೋರ್ಟಿನ ವಾಯಿದೆಗೆ, ಗಾರ್ಮೆಂಟ್ಸಿನ ಕೆಲಸ ಕೇಳಲು ಹೋಗಿಬರುವುದು ಇಂಥವಳಿಗೆ ಎಷ್ಟು ದೊಡ್ಡದೆಂದು ಅವರು ಯೋಚಿಸಿರಲಾರರು.

ಬಾಡಿಗೆ ಕೋಣೆ ಸಿಕ್ಕ ಮೇಲೂ ಭಯ ಕೂಡಲೇ ಬಿಡುವುದಿಲ್ಲ. ಬೀದಿಯಲ್ಲಿ ಬೈಕು ನಿಂತ ಸದ್ದಿಗೆ ಕೈಯ ಕೆಲಸ ನಿಂತುಹೋಗುತ್ತದೆ. ಸಾರಿಗೆ ಉಪ್ಪು ಹೆಚ್ಚಾದರೆ ಎದೆ ಹೊಡೆದುಕೊಳ್ಳುತ್ತದೆ. ಬೈಯುವವರು ಇಲ್ಲಿ ಯಾರೂ ಇಲ್ಲವೆಂದು ನೆನಪಾಗಲು ಒಂದು ಗಳಿಗೆ ಬೇಕು. ಹಾಗೆ ನೆನಪಾಗುವ ಗಳಿಗೆಗಳು ಸೇರಿ ಸೇರಿಯೇ ಬದುಕು ಅವಳದಾಗುತ್ತದೆ. ಅವಳು ಯಾರಿಗೂ ಮಾದರಿಯಾಗಬೇಕಿಲ್ಲ, ವೇದಿಕೆ ಹತ್ತಿ ಕಥೆ ಹೇಳಬೇಕಿಲ್ಲ.

ವರ್ಷಗಳ ಮೇಲೆ ಗಂಡನ ಕಡೆಯಿಂದ ಒಂದು ಫೋನು ಬರುತ್ತದೆ: 'ಹಾಸಿಗೆ ಹಿಡಿದವ್ನೆ, ಒಂದ್ಸಲ ಬಂದ್ ನೋಡ್ಕಂಡ್ ಹೋಗವ್ವ.' ಹೋಗುವುದು, ಬಿಡುವುದು ಅವಳಿಗೆ ಸೇರಿದ್ದು. ಕ್ಷಮೆ ದೊಡ್ಡ ಗುಣ, ನಿಜ. ಆದರೆ ಅದು ನೆಂಟರಿಷ್ಟರು ಸೇರಿ ಅವಳಿಂದ ವಸೂಲಿ ಮಾಡುವ ಬಾಕಿಯಲ್ಲ. ಹೋಗದಿದ್ದವಳನ್ನು ಕಲ್ಲೆದೆಯವಳು ಎನ್ನುವವರು ಆ ಮನೆಯ ಒಂದು ರಾತ್ರಿಯನ್ನೂ ಅವಳ ಜಾಗದಲ್ಲಿ ಕಳೆದವರಲ್ಲ.

ಇನ್ನು ತವರಿನ ಪಾಲಿನ ಮಾತು. 1994ರಲ್ಲೇ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಅದುವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಸಿಕ್ಕಿರುವ ಉತ್ತರ ಹಕ್ಕು ಬಿಡುಗಡೆ ಪತ್ರ. ಅಕ್ಕತಂಗಿಯರನ್ನು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ದು, ಸಹಿ ಹಾಕಿಸಿ, ಸೀರೆ ಕೊಟ್ಟು ಊಟ ಹಾಕಿಸಿ ಕಳಿಸುತ್ತಾರೆ. ಹೊಡೆತ ತಿಂದು ಬಂದ ದಿನ ಅವಳಿಗೆ ನಿಲ್ಲಲು ನೆಲವಿಲ್ಲದಿರುವುದಕ್ಕೆ ಆ ಸಹಿಯೂ ಕಾರಣ. ಇನ್ನೂ ಸಹಿ ಹಾಕಿಸದ ಮನೆಗಳಲ್ಲಿ ಪಾಲಿನ ಮಾತನ್ನು ಅಣ್ಣತಮ್ಮಂದಿರೇ ಎತ್ತಬೇಕು. ಅವಳಾಗಿ ಕೇಳಿದರೆ ತವರನ್ನೇ ಕಡಿದುಕೊಂಡಳು ಎಂದು ಊರು ಆಡಿಕೊಳ್ಳುತ್ತದೆ.