ಇನ್ನೊಂದು ಬೀಗದ ಕೈ

ದಿಂಡಿಗಲ್ಲಿನ ಬೀಗವನ್ನು ಕೊಳ್ಳುವವನು ಬೀಗವನ್ನಷ್ಟೇ ಕೊಳ್ಳುವುದಿಲ್ಲ. ಅದನ್ನು ಮಾಡಿದವನು ತನ್ನ ಬಳಿ ಇನ್ನೊಂದು ಬೀಗದ ಕೈಯನ್ನು ಇಟ್ಟುಕೊಂಡಿಲ್ಲವೆಂಬ ನಂಬಿಕೆಯನ್ನೂ ಕೊಳ್ಳುತ್ತಾನೆ. ಬೀಗದ ಗಟ್ಟಿತನವನ್ನು ಜಗ್ಗಿ ನೋಡಿ ತಿಳಿಯಬಹುದು. ಎರಡನೆಯದನ್ನು ತಿಳಿಯುವ ಉಪಾಯವಿಲ್ಲ. ಕಳ್ಳತನವಾಗದೆ ವರ್ಷಗಳು ಕಳೆದರೆ ಅದೇ ಅವನ ಸತ್ಯಸಂಧತೆಗೆ ಸಾಕ್ಷಿ. ಆದರೆ ಆಗದೆ ಉಳಿದ ಕಳ್ಳತನಕ್ಕಾಗಿ ಬೀಗ ಮಾಡಿದವನನ್ನು ಹುಡುಕಿಕೊಂಡು ಹೋಗಿ ವಂದಿಸಿದವರನ್ನು ನಾನು ಕಂಡಿಲ್ಲ.

ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ. ಸಂತೋಷವೇ. ಆದರೆ ಈ ಮನ್ನಣೆ ನೆಲಕ್ಕೆ, ವಸ್ತುವಿಗೆ ಸಂದದ್ದು. ಮಾರುವವನ ನಡತೆಗೆ ಅಲ್ಲ. ಸರಕಾರದ ಮುದ್ರೆಯೂ ಹಾಗೆಯೇ: ತೂಕದ ಕಲ್ಲಿಗೆ ಮುದ್ರೆಯುಂಟು, ತಕ್ಕಡಿ ಹಿಡಿದ ಕೈಗೆ ಇಲ್ಲ.

ಆದುದರಿಂದ ಊರಿನ ನೀತಿವಂತ ವ್ಯಾಪಾರಿಗಳನ್ನು ನಮ್ಮಂಥ ಸಂಘಗಳೇ ಗುರುತಿಸಿ ಸನ್ಮಾನಿಸಬೇಕೆಂದು ಕೆಲವರು ಹೇಳುತ್ತಾರೆ. ಇದಕ್ಕೆ ಒಡನೆಯೇ ಬರುವ ಆಕ್ಷೇಪಣೆ, ಸರಿಯಾಗಿ ತೂಗುವುದು ಕರ್ತವ್ಯವಷ್ಟೆ, ಕರ್ತವ್ಯಕ್ಕೆ ಹಾರವೇಕೆ ಎಂಬುದು. ನಾನೂ ಬಹುಕಾಲ ಹೀಗೆಯೇ ವಾದಿಸುತ್ತಿದ್ದೆ. ಏಲಕ್ಕಿಯ ವಿಚಾರ ನನ್ನ ಮನಸ್ಸನ್ನು ತಿರುಗಿಸಿತು.

ಇಡುಕ್ಕಿಯ ಮಲೆಗಳಿಂದ ಇಳಿದುಬರುವ ಏಲಕ್ಕಿಗೆ ಬೋಡಿನಾಯಕನೂರು ದೊಡ್ಡ ಪೇಟೆ. ಇಲ್ಲಿಯೂ ಮಲೆಯ ಮೇಲಿನ ಪುಟ್ಟಡಿಯಲ್ಲಿಯೂ ಸಾಂಬಾರ ಮಂಡಳಿಯ ಹರಾಜು ನಡೆಯುತ್ತದೆ. ಕಾಯಿ ದಪ್ಪವಾಗಿ, ಹಸಿರಾಗಿ ಇದ್ದಷ್ಟೂ ಬೆಲೆ ಹೆಚ್ಚು. ಹಸಿರು ಉಳಿಯಬೇಕಾದರೆ ಒಣಗಿಸುವ ಮನೆಯಲ್ಲಿ ಹದವಾದ ಶಾಖದಲ್ಲಿಟ್ಟು ಕಾಯಬೇಕು. ಬಿಸಿಲಿಗೆ ಹರವಿದರೆ ಬಣ್ಣ ಮಾಸುತ್ತದೆ. ಕೃತಕ ಬಣ್ಣ ಬೆರೆಸುವವನಿಗೆ ಈ ತಾಳ್ಮೆ ಬೇಕಿಲ್ಲ. ಕಾನೂನು ಅದನ್ನು ನಿಷೇಧಿಸಿದೆ, ನಿಜ; ಆದರೆ ಕೊಳ್ಳುವವನ ಕಣ್ಣು ಹಸಿರನ್ನೇ ಬಯಸುವುದರಿಂದ ಬಣ್ಣ ಹಾಕದವನ ಮಾಸಲು ಕಾಯಿ ಪಕ್ಕಕ್ಕೆ ಸರಿಯುತ್ತದೆ. ಇಲ್ಲಿ ಪ್ರಾಮಾಣಿಕನಿಗೆ ಪ್ರತಿಫಲವಿಲ್ಲದಿರುವುದು ಮಾತ್ರವಲ್ಲ, ದಂಡವೂ ಉಂಟು. ನಮ್ಮ ಆರೋಗ್ಯಕ್ಕಾಗಿ ಆ ದಂಡವನ್ನು ತೆರುತ್ತಿರುವವನನ್ನು ಕಂಡೂ ‘ಅದು ಅವನ ಕರ್ತವ್ಯ’ ಎಂದು ಸುಮ್ಮನಿರುವುದು ಕೃತಘ್ನತೆಯಲ್ಲವೆ?

ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1785ರಲ್ಲಿ ಪ್ರಕಟವಾದ ತನ್ನ ನೀತಿಗ್ರಂಥದಲ್ಲಿ ಒಬ್ಬ ಅಂಗಡಿಕಾರನ ಉದಾಹರಣೆ ಕೊಟ್ಟಿದ್ದಾನೆ. ಅವನು ಅರಿಯದ ಗಿರಾಕಿಯಿಂದಲೂ ಹೆಚ್ಚು ಕೀಳುವುದಿಲ್ಲ; ಎಲ್ಲರಿಗೂ ಒಂದೇ ಬೆಲೆ; ಮಗುವೂ ಅಲ್ಲಿ ದೊಡ್ಡವರಂತೆಯೇ ಕೊಳ್ಳಬಹುದು. ಆದರೆ ಅಷ್ಟರಿಂದಲೇ ಅವನದು ಧರ್ಮಬುದ್ಧಿಯೆನ್ನಲಾಗದು, ಸ್ವಂತ ಲಾಭದ ಎಣಿಕೆಯೂ ಇರಬಹುದೆಂದು ಕಾಂಟನ ವಾದ. ಸನ್ಮಾನವಂತೂ ಈ ಸಂಶಯವನ್ನು ಇಮ್ಮಡಿಸುತ್ತದೆ: ಗೋಡೆಗೆ ತೂಗುಹಾಕಿದ ಪ್ರಶಸ್ತಿಪತ್ರ ನಾಳೆ ಜಾಹೀರಾತಾಗುತ್ತದೆ. ತರ್ಕ ಸರಿಯೇ. ಆದರೂ ಎಣ್ಣೆಗೆಂದು ಬಂದ ಎಂಟು ವರ್ಷದ ಹುಡುಗಿಗೆ ಬೇಕಾದುದು ಸರಿಯಾದ ಅಳತೆ, ಸರಿಯಾದ ಚಿಲ್ಲರೆ, ಅಂಗಡಿಕಾರನ ಅಂತರಂಗವಲ್ಲ. ಅಂತರಂಗವನ್ನು ತೂಗುವ ತಕ್ಕಡಿ ಸಂಘದ ಕಾರ್ಯದರ್ಶಿಯ ಬಳಿಯೂ ಇಲ್ಲ!

ನನಗೆ ಹೆಚ್ಚು ಕಷ್ಟವಾಗಿ ತೋರುವುದು ಬೇರೊಂದು ಪ್ರಶ್ನೆ: ಗುರುತಿಸುವವರು ಯಾರು? ಐಹೊಳೆಯ ಐನೂರ್ವರೆಂಬ ಕನ್ನಡ ನಾಡಿನ ವರ್ತಕರು ತಮ್ಮನ್ನು ವೀರಬಣಂಜು ಧರ್ಮದ ಪರಿಪಾಲಕರೆಂದು ಕರೆದುಕೊಂಡರು. ಶಿಕಾರಿಪುರ ಸೀಮೆಯ ಹನ್ನೊಂದನೆಯ ಶತಮಾನದ ಶಾಸನವೊಂದು ಅವರು ಮಾರುತ್ತಿದ್ದ ರತ್ನ, ಕರ್ಪೂರ, ಕಸ್ತೂರಿಗಳೊಂದಿಗೆ ಏಲಕ್ಕಿಯನ್ನೂ ಹೆಸರಿಸುತ್ತದೆ. ಭವ್ಯವಾದ ಪ್ರಶಸ್ತಿ ಅದು. ಆದರೆ ಹೊಗಳಿಕೆ ವರ್ತಕರ ಪಕ್ಷದ್ದು, ಅವರಿಂದ ಕೊಂಡವರು ಏನೆನ್ನುತ್ತಿದ್ದರೆಂಬುದು ಕಲ್ಲಿನ ಮೇಲೆ ಇಲ್ಲ. ಇಂದು ಕಲ್ಲಿಗೆ ಬದಲಾಗಿ ವಾರ್ಷಿಕೋತ್ಸವದ ವೇದಿಕೆ. ಹೆಚ್ಚು ಚಂದಾ ಕೊಟ್ಟವನ ಕೊರಳಿಗೇ ಹಾರ ಬೀಳುವ ಸಂಭವವನ್ನು ಸಂಘಗಳ ಅನುಭವವುಳ್ಳವರಿಗೆ ಬಿಡಿಸಿ ಹೇಳಬೇಕಿಲ್ಲ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದುಬರಲು ಕಳುಹಿಸಿದ ಕಥೆ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತು. ಅಲ್ಲಿ ಚಂದಾ ಇಲ್ಲ, ವೇದಿಕೆ ಇಲ್ಲ; ಹೆಚ್ಚಾದುದನ್ನು ಕಂಡುಹಿಡಿದವಳು ಅನ್ನ ಬೇಯಿಸುವವಳು. ವ್ಯಾಪಾರದ ಸತ್ಯವನ್ನೂ ಅದನ್ನು ದಿನವೂ ಉಣ್ಣುವವರೇ ಬಲ್ಲರು.

ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡವಾಡಿ ಅಂಗಡಿಯಲ್ಲಿ ತಮಿಳಿನಲ್ಲಿ ಲೆಕ್ಕ ಕೇಳುವ ಮಕ್ಕಳಿದ್ದಾರೆ. ಅವರನ್ನು ಕೇಳೋಣ: ತಂದೆಯೊಡನೆ ಹೋದಾಗಲೂ ಒಬ್ಬರೇ ಹೋದಾಗಲೂ ಒಂದೇ ತೂಕ ಕೊಡುವ ಅಂಗಡಿ ಯಾವುದು? ಒಂದೇ ಮೂಟೆ ತರುವ ರೈತನನ್ನು ಕೇಳೋಣ: ಹೇಳಿದ ದಿನವೇ ಹಣ ಕೊಡುವವರು ಯಾರು? ಅವರು ಹೇಳುವ ಹೆಸರು ನಮ್ಮ ಚಂದಾಪುಸ್ತಕದಲ್ಲಿ ಇರಬಹುದು, ಇಲ್ಲದಿರಲೂಬಹುದು. ಅಲ್ಲಿಯವರೆಗೆ ಶಾಲು ಕೊಳ್ಳುವುದನ್ನು ತಡೆದಿಡಬಹುದು.